ಎರಡು ಮಾರ್ಕಿನ ದ್ವೀಪ

ಜಾಲಿಗಡ್ಡ್ಯಾಗ ಎರಡು ರಾತ್ರಿ ಕ್ಯಾಂಪು
ಅಂತ ನೋಟಿಸ್ ಬೋರ್ಡಿಗೆ ಚೀಟಿ ಹಚ್ಚಿದ ದಿನ
ಒಂಬತ್ತನೇ ಕ್ಲಾಸು ಪೂರ್ತಿ ಕೇಕಿ ಹೊಡೀತು.
ಒಬ್ಬಾಂವ ಹೊಡೀಲಿಲ್ಲ, ಕಡೀ ಬೆಂಚಿನ ಗದ್ದೆಪ್ಪ.
ಅದು ಅವನೂರು.

"ದ್ವೀಪ ಎಂದರೆ ನಾಲ್ಕೂ ಕಡೆ ನೀರಿನಿಂದ ಆವರಿಸಿದ ಭೂಭಾಗ"
ಚಾಂದಸಾಬ ಸರ್ ಬರೆಸಿದ್ರು, ಎರಡು ಮಾರ್ಕಿಗೆ.
ನಾವು ಅದರ ಕೆಳಗ ಲಿಸ್ಟ್ ಬರಕೊಂಡ್ವಿ:
ಟಾರ್ಚು, ಸೊಳ್ಳಿ ಬತ್ತಿ, ಕೌದಿ, ಖಡಕ್ ರೊಟ್ಟಿ,
ಶೇಂಗಾ ಹಿಂಡಿ, ಕಾಲಿಗೆ ಗಟ್ಟಿ ಚಪ್ಪಲ್.
ಗದ್ದೆಪ್ಪ ಏನೂ ಬರಕೊಳ್ಳಲಿಲ್ಲ.

ಕೊಡೇಕಲ್ಲಿಂದ ಟಂಟಂನ್ಯಾಗ ಹೊಳೀ ದಂಡಿತನಕ,
ಅಲ್ಲಿಂದ ಹರಗೋಲು, ಆರಾರು ಮಂದಿ ಒಂದು ಸರ್ತಿಗೆ.
ಹರಗೋಲು ತಿರುಗಿದಂಗ ದಂಡೀನೂ ತಿರುಗ್ತಿತ್ತು,
ಎಮ್ಮಿ, ಪಂಪ್‌ಸೆಟ್ಟು, ಜನವರಿಯ ಬರೀ ಮುಗಿಲು.
ರುಬೀನಾ ಕಣ್ಣು ಮುಚ್ಚಿ ನನ್ನ ಕೈ ಹಿಡಿದ್ಲು, ಉಗುರು ನಟ್ಟಿತು.
ಅರ್ಧ ದಾರ್ಯಾಗ ಅಂಬಿಗರ ಕಾಕಾ
ಹುಟ್ಟು ಗದ್ದೆಪ್ಪನ ಕೈಗೆ ಕೊಟ್ಟು ಬೀಡಿ ಹಚ್ಚಿದ.
ಬೋರ್ಡಿನ ಮುಂದ ಸೀಮಿಸುಣ್ಣ ಹಿಡಿದು ನಡುಗೋ ಕೈ ಅದು.
ಸರ್ ಅದನ್ನೇ ನೋಡಾಕತ್ತಿದ್ರು.

ಗಡ್ಡ್ಯಾಗ ಇಪ್ಪತ್ತೆಂಟು ಮನಿ, ಒಂದು ಬೇವಿನ ಗಿಡ,
ಹಾಸುಗಲ್ಲಿನ ಮ್ಯಾಲ ಕೆಂಪಗ ಒಣಗೋ ಮೆಣಸಿನಕಾಯಿ,
ಫೋನಿಗೆ ಸಿಗ್ನಲ್ ಸಿಗೋ ಕಲ್ಲು ಒಂದೇ ಒಂದು,
ಅದನ್ನ ಹತ್ತಾಕ ಪಾಳಿ.
ಟೆಂಟಿನ ಗೂಟ ಬಂಡೆಗೆ ಇಳೀಲಿಲ್ಲ.
ಆಡು ಬಂದು ಹಗ್ಗ ಮೂಸಿ ಹೋದ್ವು.
ಗದ್ದೆಪ್ಪನ ಆಯಿ ಕೋಲೂರಿ ಬಂದು ಕೇಳಿದ್ಲು:
"ಯಾವೂರವ್ವ ನಿಮ್ದು?"
"ಕೊಡೇಕಲ್."
"ಅಷ್ಟು ದೂರ ಹೆಂಗ ಇರ್ತೀರೆವ್ವ, ಮಂದಿ ಬಿಟ್ಟು?"
ನಾವು ನಕ್ವಿ. ಆಕಿ ನಗಲಿಲ್ಲ,
ಮೊಸರಿನ ಗಡಗಿ ಇಟ್ಟು ಹೋದ್ಲು.

ರಾತ್ರಿ ಒಲಿ ಆರಿದ ಮ್ಯಾಲ
ಹಗಲೆಲ್ಲ ಸುಮ್ಮಿದ್ದ ಹೊಳಿ ಮಾತಿಗೆ ಕೂತಿತು.
ಸರ್ ಟಾರ್ಚ್ ಹಿಡಿದು ತಲಿ ಎಣಿಸಿದ್ರು. ಮೂವತ್ತು.
ಮತ್ತ ಎಣಿಸಿದ್ರು. ಮೂವತ್ತು.
ಮೂವತ್ತೊಂದು ಇರಬೇಕು.
"ಗದ್ದೆಪ್ಪಾ" ಅಂತ ಕೂಗಿದ್ದು ನೀರಿನ ಕಡಿಗೆ,
ಮೊದಲ ನೀರಿನ ಕಡಿಗೇ.
ಗಟ್ಟಿ ಚಪ್ಪಲ್ ಮರೆತು ಬರಿಗಾಲಿಲೆ ಓಡಿದ್ವಿ.

ಮೂರನೇ ಮನಿ ಕದ ತೆರೆದಿತ್ತು.
ಬಾಯಿ ತಕ್ಕೊಂಡು, ಒಂದು ಕಾಲು ಕೌದಿ ಹೊರಗ ಹಾಕಿ
ಗದ್ದೆಪ್ಪ ಗೊರಕಿ ಹೊಡೀತಿದ್ದ.
ಅವನವ್ವ ಎದ್ದು ಸೆರಗು ಎಳಕೊಂಡು
"ಮನಿ ಇರಬೇಕಾದ್ರ ಬಟ್ಟಿ ಮನ್ಯಾಗ
ಯಾಕ ಮಲಗ್ತಾನ್ರಿ?" ಅಂದ್ಲು.
ಸರ್‌ಗೆ ಉತ್ತರ ಹೊಳೀಲಿಲ್ಲ.
ಆಕಿ ಗ್ವಾಡಿ ಮೊಳಿಗೆ ಸಿಗಿಸಿದ್ದ ಕಾಗದ ತಗದ್ಲು.
"ಸಾಲಿಂದು. ಶ್ರಾವಣದಾಗ ಬರದದ್ದು,
ಡ್ಯಾಮಿನ ನೀರು ಇಳದ ಮ್ಯಾಲ ಬಂತು.
ಇವನ ಕೇಳಿದ್ರ ಏನಿಲ್ಲ ಅಂತಾನ.
ನೀವರೇ ಓದ್ರಿ."

ಬಾಗಲದಾಗ ನಿಂತ ನನಗೆ ಕೆಂಪು ಶಾಯಿ ಕಂಡಿತು:
ನಿಮ್ಮ ಮಗ ಸತತ ಗೈರು. ಕಾರಣ ತಿಳಿದಿಲ್ಲ.
ಕೆಳಗ ಸರ್‌ದೇ ಸಹಿ.
ಸರ್ ಬಾಳ ಹೊತ್ತು ಓದಿದ್ರು, ಮೂರೇ ಸಾಲು ಇತ್ತು ಅದು.
"ಜನವರಿಗೆ ನಿಮ್ಮೂರಿಗೆ ಬರ್ತೀವಿ
ಅಂತ ಬರದೈತವ್ವ" ಅಂದ್ರು.
ಮಡಚಿ ತಮ್ಮ ಕಿಸೆದಾಗ ಇಟಗೊಂಡ್ರು.

ಮರುದಿನ ಆಯಿ ಬೇವಿನ ಗಿಡದ ಮ್ಯಾಲ
ನೀರು ಏರಿದ ಗುರುತು ತೋರಿಸಿದ್ಲು.
ಸರ್ ಕೈ ಎತ್ತಿದ್ರೂ ನಿಲುಕಲಿಲ್ಲ.

ಐತವಾರ ನಾವು ಈ ದಂಡಿಗೆ ಇಳದ್ವಿ.
ಅವ ಆ ದಂಡ್ಯಾಗ ಉಳಿದ, ಆಡಿನ ಜೊತಿ.
ಟಂಟಂ ಹತ್ತೋಕಿಂತ ಮೊದಲ ಹಾಜರಿ.
ಹದಿನೇಳನೇ ಹೆಸರಿಗೆ ಸರ್ ನಿಂತ್ರು,
ಹೊಳೀ ಕಡಿ ತಿರುಗಿ, ಕೈ ಬಾಯಿಗೆ ಹಿಡಿದು
ಇನ್ನೊಮ್ಮೆ ಕೂಗಿದ್ರು.

ನೀರಿನ ಆಚಿಂದ ಏನೋ ಒಂದು ದನಿ ಬಂತು.
ಹಾಜರ್ ಸಾರ್ ಅಂತ ನಾನು,
ಟಿಟ್ಟಿಭದ್ದು ಅಂತ ರುಬೀನಾ,
ಆ ಜಗಳ ಇನ್ನೂ ಮುಗಿದಿಲ್ಲ.
ಸರ್ ಮಾತ್ರ ಪೆನ್ನು ಜಾಡಿಸಿ
ಟಿಕ್ ಹಾಕಿದ್ರು.